ಕಂಬಿಯ ಆಚೆ ನಿಂತ ಹುಡುಗರು

16 ಜೂನ್ 2024, ಭಾನುವಾರ

ಶಾಲೆಯ ತಾರಸಿ. ಅಂಚಿಗೆ ಕಬ್ಬಿಣದ ಕಂಬಿ. ಹುಡುಗರು ಕಂಬಿ ದಾಟಿ ಆಚೆ ಬದಿಗೆ ನಿಲ್ಲುತ್ತಾರೆ. ಕೈ ಬಿಟ್ಟು ಚಪ್ಪಾಳೆ ತಟ್ಟಬೇಕು, ಹಿಂದಕ್ಕೆ ಬೀಳುವ ಮೊದಲು ಮತ್ತೆ ಕಂಬಿ ಹಿಡಿಯಬೇಕು. ಯಾರು ಜಾಸ್ತಿ ಸಲ ತಟ್ಟುತ್ತಾನೋ ಅವನೇ ಶಾಲೆಗೆ ದಾದಾ.

ತೊಶಿಯಾಕಿ ತೊಯೊದಾನ ಜಪಾನಿ ಸಿನಿಮಾ ‘ಬ್ಲೂ ಸ್ಪ್ರಿಂಗ್’ (2001) ಶುರುವಾಗೋದೇ ಹೀಗೆ. ಮಧ್ಯಾಹ್ನ ಊಟ ಮುಗಿಸಿ ಮತ್ತೆ ನೋಡಿದೆ. ತೈಯೊ ಮತ್ಸುಮೊತೊನ ಮಾಂಗಾ (ಜಪಾನಿ ಕಾಮಿಕ್ಸ್) ಕಥೆಗಳಿಂದ ಮಾಡಿದ್ದು. ಒಂದೂವರೆ ಗಂಟೆಯೂ ಇಲ್ಲ.

ಆಟ ಗೆಲ್ಲುವವನು ಕುಜೊ. ಪಾತ್ರ ಮಾಡಿದ್ದು ರ್‍ಯುಹೇ ಮತ್ಸುದಾ, ಆಗಿನ್ನೂ ಹದಿಹರೆಯದ ಹುಡುಗ. ಏನು ಮುಖ ಅದು! ಗೆದ್ದ ಖುಷಿ ಒಂದು ಚೂರೂ ಇಲ್ಲ. ದಾದಾಗಿರಿ ಅವನಿಗೆ ಬೇಡವೇ ಬೇಡ. ಬೇಕಿರೋದು ಗೆಳೆಯ ಆಓಕಿಗೆ. ಕುಜೊ ಕೈಕಟ್ಟಿ ಸುಮ್ನೆ ಕೂತಷ್ಟೂ ಆಓಕಿ ಒಳಗೊಳಗೇ ಕುದಿಯುತ್ತಾನೆ.

ಚಾಕು, ರಕ್ತ ಎಲ್ಲ ಇದೆ. ಬೇಸ್‌ಬಾಲ್ ಆಡುತ್ತಿದ್ದವನೊಬ್ಬ ಯಕುಜಾ ಅನ್ನೋ ಭೂಗತ ಗ್ಯಾಂಗ್ ಸೇರುತ್ತಾನೆ. ಜನ ಹೊಡೆದಾಟದ ಬಗ್ಗೆಯೇ ಜಾಸ್ತಿ ಮಾತಾಡ್ತಾರೆ. ನನಗೆ ಹೆದರಿಕೆ ಹುಟ್ಟಿಸಿದ್ದು ಬೇರೆ. ಕೊನೆಗೆ ಆಓಕಿ ಅದೇ ತಾರಸಿಯಲ್ಲಿ ಒಬ್ಬನೇ ನಿಲ್ಲುತ್ತಾನೆ. ಕ್ಯಾಮೆರಾ ಅಲುಗಾಡಲ್ಲ. ಸಂಜೆಯಾಗುತ್ತದೆ, ರಾತ್ರಿ ಕಳೆಯುತ್ತದೆ, ಬೆಳಗಾಗುತ್ತದೆ. ಹುಡುಗ ನಿಂತಲ್ಲೇ ಇದ್ದಾನೆ. ಆಮೇಲೆ ಥೀ ಮಿಷೆಲ್ ಗನ್ ಎಲಿಫೆಂಟ್ ತಂಡದ ಗಿಟಾರ್ ಹಿನ್ನೆಲೆಯಲ್ಲಿ ಕುಜೊ ಓಡೋ ಓಟ ಇದೆಯಲ್ಲ, ಅಲ್ಲಿ ಕೂತಲ್ಲಿ ಕೂರಲಾಗಲಿಲ್ಲ.

ಈ ಹುಡುಗರಿಗೆ ಸಿಟ್ಟಿದೆ, ಯಾರ ಮೇಲೆ ಅಂತ ಗೊತ್ತಿಲ್ಲ. 1960ರಲ್ಲಿ ಇನ್ನೊಬ್ಬ ಜಪಾನಿ ನಿರ್ದೇಶಕ ನಗಿಸಾ ಒಶಿಮಾ ‘ಕ್ರೂಯಲ್ ಸ್ಟೋರಿ ಆಫ್ ಯೂತ್’ ಮಾಡಿದಾಗ ಬೀದಿಯಲ್ಲಿ ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದದ ವಿರುದ್ಧ ಮೆರವಣಿಗೆ ಇತ್ತು. ಆ ಸಿನಿಮಾದ ಪ್ರೇಮಿಗಳ ಜೋಡಿ ಅದನ್ನು ದೂರದಿಂದ ನೋಡಿ ಬೇಸರಪಟ್ಟರೂ, ನೋಡೋಕೆ ಏನೋ ಒಂದು ಇತ್ತು ಅಲ್ವಾ? ‘ಬ್ಲೂ ಸ್ಪ್ರಿಂಗ್’ ಹುಡುಗರಿಗೆ ಅದೂ ಇಲ್ಲ. 90ರ ದಶಕದ ಶುರುವಿನಲ್ಲಿ ಜಪಾನಿನ ಷೇರು, ಜಮೀನು ಬೆಲೆ ಕುಸಿದು ಓದು ಮುಗಿಸಿದವರಿಗೆ ಖಾಯಂ ಕೆಲಸ ಸಿಗೋದೇ ಕಷ್ಟವಾಯಿತು. ತೊಯೊದಾ ಇದನ್ನು ಬಿಡಿಸಿ ಹೇಳಲು ಹೋಗಲ್ಲ. ಗೋಡೆ ತುಂಬಾ ಗೀಚಿದ ಬಣ್ಣ ತೋರಿಸಿ ಬಿಡುತ್ತಾನೆ.

ಹೂಗಿಡ ನೆಡಿಸೋ ಮೇಷ್ಟ್ರ ಪಾತ್ರ ಮಾತ್ರ ನನಗೆ ಸ್ವಲ್ಪ ಸಿಹಿ ಜಾಸ್ತಿ ಅನ್ನಿಸಿತು.

ಅಂದಹಾಗೆ, ಮತ್ಸುದಾನನ್ನು ‘ಗೊಹತ್ತೊ’ (1999) ಸಿನಿಮಾದಲ್ಲಿ ಮೊದಲು ತೆರೆಗೆ ತಂದವನೂ ಇದೇ ಒಶಿಮಾ. ಮುಂದಿನ ವಾರ ಅದು.