ಹಾಸಿಗೆ ಎಷ್ಟು ಕಿಲೋ?

ನಮ್ಮ ಹಳೆಯ ಹಾಸಿಗೆಯಲ್ಲಿ ಎರಡು ಹೊಂಡ ಇದ್ದವು. ಒಂದು ನನ್ನದು, ಇನ್ನೊಂದು ಗಂಡನದು. ನಡುವೆ ಒಂದು ದಿಬ್ಬ. ಹನ್ನೊಂದು ವರ್ಷ ಇಬ್ಬರನ್ನು ಹೊತ್ತ ನಾರಿನ ಹಾಸಿಗೆ, ಪಾಪ, ಅದನ್ನೇನು ಬೈಯುವುದು. ಆದರೆ ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಳ್ಳುತ್ತಿತ್ತು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಸರಿಹೋಗುತ್ತಿತ್ತು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಮೂಳೆಗೇನೂ ಆಗಿಲ್ಲಮ್ಮ, ಹಾಸಿಗೆ ಎಷ್ಟು ವರ್ಷದ್ದು?" ಎಂದು ಕೇಳಿದರು.

ಅವತ್ತು ರಾತ್ರಿಯೇ ಫೋನಿನಲ್ಲಿ ಹುಡುಕಲು ಕೂತೆ. ಎಲ್ಲ ಕಡೆ ಲೇಟೆಕ್ಸ್, ಲೇಟೆಕ್ಸ್. ಅಂದರೆ ರಬ್ಬರ್ ಹಾಲು. ಪ್ರತಿ ಜಾಹೀರಾತಿನಲ್ಲೂ ಒಂದು ರಬ್ಬರ್ ಮರ, ಓರೆಯಾಗಿ ಗೀರಿದ ತೊಗಟೆ, ಬಟ್ಟಲಿಗೆ ಇಳಿಯುವ ಬಿಳಿ ಹಾಲು. ನನಗೆ ನಗು ಬಂತು. ನಾನು ಓದಿದ್ದೇ ಆ ಹಾಲಿನ ದುಡ್ಡಿನಲ್ಲಿ.

ನನ್ನ ತವರು ಸುಳ್ಯದ ಹತ್ತಿರ. ಅಪ್ಪನಿಗೆ ಅಡಿಕೆಯ ಜೊತೆ ಎರಡೂವರೆ ಎಕ್ರೆ ರಬ್ಬರ್. ಸುಮಾರು 450 ಮರ. ನಮ್ಮಲ್ಲಿ ತೊಗಟೆ ಗೀರಿ ಹಾಲು ಇಳಿಸುವ ಟ್ಯಾಪಿಂಗ್‌ಗೆ ಬರುತ್ತಿದ್ದವರು ಕೆಎಫ್‌ಡಿಸಿ (ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮ) ರಬ್ಬರ್ ತೋಟದ ಕಾಲೊನಿಯವರು. 1964ರ ಭಾರತ–ಶ್ರೀಲಂಕಾ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳು ಕುಟುಂಬ. ಇನ್ನೂ ಕತ್ತಲೆ ಇರುವಾಗಲೇ ಹಣೆಗೆ ಲೈಟ್ ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗುತ್ತಿದ್ದರು. ಬಿಸಿಲೇರಿದರೆ ಹಾಲು ಸರಿಯಾಗಿ ಇಳಿಯುವುದಿಲ್ಲ. ಒಂದೊಂದು ಮರಕ್ಕೆ ಒಂದೊಂದು ಗೆರಟೆ. ಹಾಲನ್ನು ಸೋಸಿ, ನೀರು ಬೆರೆಸಿ, ಟ್ರೇಗೆ ಹೊಯ್ದು ಫಾರ್ಮಿಕ್ ಆಸಿಡ್ ಹಾಕಿಟ್ಟರೆ ಮರುದಿನ ಬೆಳಿಗ್ಗೆ ಗಟ್ಟಿ ಮೊಸರಿನ ಹಾಗೆ ಹೆಪ್ಪುಗಟ್ಟಿರುತ್ತದೆ. ರೋಲರ್ ಮಿಷಿನ್ನಿಗೆ ಕೊಟ್ಟು ತಿರುಗಿಸಿದರೆ ಶೀಟು. ಆಮೇಲೆ ಹೊಗೆಮನೆ. ನಾಲ್ಕೈದು ದಿನ ಹೊಗೆ ಕುಡಿದು ಜೇನಿನ ಬಣ್ಣಕ್ಕೆ ಬಂದ ಶೀಟನ್ನು ಡೀಲರ್ ಬೆಳಕಿಗೆ ಹಿಡಿದು ನೋಡಿ, ತಕ್ಕಡಿಗೆ ಹಾಕುತ್ತಿದ್ದರು. ನನ್ನ ಶಾಲೆಯ ಯೂನಿಫಾರ್ಮಿಗೂ ಆ ಹೊಗೆಯ ವಾಸನೆ ಇರುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದ ನನಗೆ ಲೇಟೆಕ್ಸ್ ಹಾಸಿಗೆ ಹೇಗೆ ಆಗುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ. ನಮ್ಮ ಶೀಟು ಹೋಗುವುದು ಹೆಚ್ಚಾಗಿ ಟಯರಿಗೆ. ಹಾಸಿಗೆಗೆ ಹಾಲು ಹಾಲಾಗಿಯೇ ಬೇಕು, ಹೆಪ್ಪುಗಟ್ಟಬಾರದು. ಅದಕ್ಕೆ ಅಮೋನಿಯ ಹಾಕುತ್ತಾರೆ. ದೊಡ್ಡ ಯಂತ್ರದಲ್ಲಿ ಗಿರ್ರನೆ ತಿರುಗಿಸಿ ನೀರಿನಂಶ ತೆಗೆದು, ನೂರಕ್ಕೆ 60ರಷ್ಟು ರಬ್ಬರ್ ಇರುವ ದಪ್ಪ ಹಾಲು ಮಾಡುತ್ತಾರೆ. ಅದಕ್ಕೆ ಸ್ವಲ್ಪ ಗಂಧಕ, ಸತುವಿನ ಆಕ್ಸೈಡ್, ಸೋಪು ಸೇರಿಸಿ ನೊರೆ ಬರುವಷ್ಟು ಕಡೆದು ಅಚ್ಚಿಗೆ ಹೊಯ್ಯುತ್ತಾರೆ. ಆಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ಹೆಚ್ಚು ಕಡಿಮೆ ಇಡ್ಲಿಯೇ ಅಲ್ವಾ? ಹಾಸಿಗೆ ತುಂಬ ಕಾಣುವ ತೂತುಗಳು ಅಚ್ಚಿನೊಳಗಿನ ಸರಳುಗಳ ಗುರುತು. ಬಿಸಿ ಒಳಗಿನವರೆಗೂ ಸಮನಾಗಿ ಹೋಗಲಿ ಅಂತ ಆ ಸರಳುಗಳು. ಬೆಂದ ಮೇಲೆ ತೊಳೆದು ಒಣಗಿಸುತ್ತಾರೆ. ಇದು ಡನ್‌ಲಪ್ ವಿಧಾನ, 1929ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯಲ್ಲಿ ಹುಟ್ಟಿದ್ದು. ತಲಾಲೆ ಅಂತ ಇನ್ನೊಂದಿದೆ. ಅದರಲ್ಲಿ ಗಾಳಿ ಎಳೆದು ನೊರೆಯನ್ನು ಅಚ್ಚಿನ ತುಂಬ ಹರಡಿ, ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿ, ಆಮೇಲೆ ಬೇಯಿಸುತ್ತಾರೆ. ಬೆಲೆ ಜಾಸ್ತಿ. ನಾನು ಬೆಂಗಳೂರಿನ ಅಂಗಡಿಗಳಲ್ಲಿ ಮುಟ್ಟಿ ನೋಡಿದ್ದೆಲ್ಲ ಡನ್‌ಲಪ್ಪೇ.

ಮೊದಲು ಹೋದ ಅಂಗಡಿಯಲ್ಲಿ 22 ಸಾವಿರಕ್ಕೆ 8 ಇಂಚಿನ ಲೇಟೆಕ್ಸ್ ಹಾಸಿಗೆ ಅಂದರು. ಅಗ್ಗವಾಯಿತಲ್ಲ ಅನ್ನಿಸಿತು. ಕವರಿನ ಜಿಪ್ ತೆಗೆದು ತೋರಿಸಿ ಅಂದೆ. ಹುಡುಗ ಸ್ವಲ್ಪ ಹಿಂದೆ ಮುಂದೆ ನೋಡಿದ. ತೆಗೆದರೆ ಮೇಲೆ ಒಂದೇ ಒಂದು ಇಂಚು ಲೇಟೆಕ್ಸ್, ಕೆಳಗೆ ಏಳು ಇಂಚು ಮಾಮೂಲಿ ಪಿಯು (ಪಾಲಿಯುರೆಥೇನ್) ಫೋಮ್. ಸುಳ್ಳು ಅಂತ ಹೇಳುವ ಹಾಗಿಲ್ಲ, ಮೂಲೆಯ ಚೀಟಿಯಲ್ಲಿ ಎಲ್ಲ ಬರೆದಿತ್ತು. ಬೋರ್ಡಿನ ಅಕ್ಷರ ದೊಡ್ಡದು, ಚೀಟಿಯ ಅಕ್ಷರ ಸಣ್ಣದು, ಅಷ್ಟೆ. ಜಿಪ್ ಇಲ್ಲದ ಹಾಸಿಗೆಯನ್ನು ನೋಡಲೇಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಅದೇ ವಾರ ಅಪ್ಪ ಕಣ್ಣಿನ ಪೊರೆ ತೋರಿಸಲು ಬೆಂಗಳೂರಿಗೆ ಬಂದರು. ಎರಡನೆಯ ಅಂಗಡಿಗೆ ಅವರನ್ನೂ ಕರೆದುಕೊಂಡು ಹೋದೆ. ಅಪ್ಪ ಹಾಸಿಗೆಯ ಮೇಲೆ ಕೂರಲಿಲ್ಲ. ಬಗ್ಗಿ ಮೂಸಿದರು. "ಹೊಗೆ ವಾಸನೆಯೇ ಇಲ್ಲ" ಎಂದರು. ಹೆಬ್ಬೆರಳಲ್ಲಿ ಒತ್ತಿ, ಎಷ್ಟು ಬೇಗ ಮೇಲೆ ಬರುತ್ತದೆ ಅಂತ ನೋಡಿದರು. ಆಮೇಲೆ ಅಂಗಡಿ ಹುಡುಗನಿಗೆ ಕೇಳಿದರು.

"ಇದು ಎಷ್ಟು ಕಿಲೋ ಉಂಟು?"

"6 ಇಂಚು ಸಾರ್."

"ಇಂಚಲ್ಲ ಮಾರಾಯ, ಕಿಲೋ."

ಹುಡುಗ ನನ್ನ ಮುಖ ನೋಡಿದ. ಅವನಿಗೆ ಇದುವರೆಗೆ ಯಾರೂ ಹಾಗೆ ಕೇಳಿರಲಿಲ್ಲವಂತೆ. "ರಬ್ಬರನ್ನು ಇಂಚಿನ ಲೆಕ್ಕದಲ್ಲಿ ಮಾರುವುದನ್ನು ಇಲ್ಲಿಯೇ ನೋಡಿದ್ದು ನಾನು" ಎಂದರು ಅಪ್ಪ.

ಅಂಗಡಿಯಲ್ಲಿ ತೋರಿಸಲು ಇಟ್ಟ ಸ್ಯಾಂಪಲ್ ತುಂಡು ಒಂದಿತ್ತು. ಒಂದು ಅಡಿ ಉದ್ದ, ಒಂದು ಅಡಿ ಅಗಲ, 6 ಇಂಚು ದಪ್ಪ. ಅಪ್ಪ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಪಕ್ಕದ ದಿನಸಿ ಅಂಗಡಿಗೆ ನಡೆದೇಬಿಟ್ಟರು. ಹುಡುಗ ಹಿಂದೆ, ನಾನು ಅವನ ಹಿಂದೆ. ಬೇಳೆ ತೂಗುವ ತಕ್ಕಡಿಯಲ್ಲಿ ತುಂಡು 1 ಕಿಲೋ 140 ಗ್ರಾಂ ಬಂತು. ನಮ್ಮ ಮಂಚ 75 ಇಂಚು ಉದ್ದ, 60 ಇಂಚು ಅಗಲ. ಅಂದರೆ 31 ಚದರಡಿ ಚಿಲ್ಲರೆ. "ಮೂವತ್ತೈದೂವರೆ ಕಿಲೋ" ಎಂದು ಅಪ್ಪ ಅಲ್ಲೇ ನಿಂತು ಹೇಳಿದರು. ಕವರು ಬಿಟ್ಟು.

ಆಮೇಲೆ ನಾನು ಓದಿ ತಿಳಿದುಕೊಂಡದ್ದು ಇಷ್ಟು. ಇಂಗ್ಲಿಷಿನಲ್ಲಿ ಡೆನ್ಸಿಟಿ ಅಂತ ಬರೆದಿರುವುದು ಇದೇ ಲೆಕ್ಕ. ಒಂದು ಘನ ಮೀಟರಿಗೆ ಎಷ್ಟು ಕಿಲೋ ಅಂತ. ಲೇಟೆಕ್ಸ್ ಹಾಸಿಗೆ ಸಾಮಾನ್ಯವಾಗಿ 65ರಿಂದ 95ರ ನಡುವೆ. ನಮ್ಮ ತುಂಡಿನದು 80. ಪಿಯು ಫೋಮ್ ಸಾಮಾನ್ಯವಾಗಿ 28, 32, 40. ಅದೇ ಅಳತೆಯ ಪಿಯು ತುಂಡು ಅರ್ಧ ಕಿಲೋದ ಆಸುಪಾಸು ತೂಗುತ್ತದೆ, ಅಷ್ಟೆ. ಹಾಗಾಗಿ ಲೇಟೆಕ್ಸ್ ಅಂತ ಹೇಳಿದ ಡಬಲ್ ಕಾಟ್ ಹಾಸಿಗೆಯನ್ನು ನೀವು ಒಬ್ಬರೇ ಸಲೀಸಾಗಿ ಎತ್ತಿದಿರಿ ಅಂದರೆ ಸ್ವಲ್ಪ ಅನುಮಾನ ಪಡಿ.

ತೂಕ ಸರಿಯಾದರೆ ಎಲ್ಲ ಸರಿಯಾಯಿತು ಅಂದುಕೊಂಡಿದ್ದೆ. ಅಪ್ಪ ಒಪ್ಪಲಿಲ್ಲ. ಸರಿಯಾಗಿ ಒಣಗದ ಶೀಟು ಜಾಸ್ತಿ ತೂಗುತ್ತದೆ. ಅದಕ್ಕೇ ಡೀಲರ್ ಅದನ್ನು ಬೆಳಕಿಗೆ ಹಿಡಿದು ಬಿಳಿ ಚುಕ್ಕಿ ಹುಡುಕುವುದು. ಹಾಸಿಗೆಯಲ್ಲೂ ಅಂಥ ದಾರಿ ಇದೆ. ನೊರೆಗೆ ಸುಣ್ಣದ ಕಲ್ಲಿನ ಪುಡಿಯನ್ನೋ ಜೇಡಿಯನ್ನೋ ಬೆರೆಸಿದರೆ ತೂಕ ಬರುತ್ತದೆ, ಬಾಳಿಕೆ ಬರುವುದಿಲ್ಲ. ಹುಡುಗ ಫೋನಿನಲ್ಲಿ ಮಾತಾಡಲು ಆ ಕಡೆ ತಿರುಗಿದಾಗ ಅಪ್ಪ ತುಂಡಿನ ಅಂಚನ್ನು ಉಗುರಿನಲ್ಲಿ ಚಿವುಟಿ ಎಳೆದು ಬಿಟ್ಟರು. ಟಪ್ ಅಂತ ಹಿಂದಕ್ಕೆ ಹೋಯಿತು. ಬೆರಳಿಗೆ ಪುಡಿ ಹತ್ತಲಿಲ್ಲ. "ಅಡ್ಡಿ ಇಲ್ಲ" ಎಂದರು. ಅಪ್ಪನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಇನ್ನು ನೂರಕ್ಕೆ ನೂರು ನ್ಯಾಚುರಲ್ ಅನ್ನುವ ಮಾತು. ಗಂಧಕ ಇಲ್ಲದೆ ನೊರೆ ಹಾಸಿಗೆಯಾಗಿ ನಿಲ್ಲುವುದಿಲ್ಲ, ಆದ್ದರಿಂದ ಪೂರ್ತಿ ನೂರು ಅನ್ನುವುದು ಯಾವತ್ತೂ ಬಾಯಿಮಾತೇ. ಕೇಳಬೇಕಾದ ಪ್ರಶ್ನೆ ಬೇರೆ. ಇದರಲ್ಲಿ ಸಿಂಥೆಟಿಕ್ ಲೇಟೆಕ್ಸ್ ಬೆರೆಸಿದ್ದಾರಾ? ಅದು ಪೆಟ್ರೋಲಿಯಂನಿಂದ ಬರುವಂಥದ್ದು. ಬೆರೆಸಿದರೆ ಅಪರಾಧವೇನಲ್ಲ, ಆದರೆ ಬೆಲೆ ಕಡಿಮೆ ಇರಬೇಕು. ನಾನು ಬಿಲ್ಲಿನಲ್ಲೇ ಬರೆದುಕೊಡಿ ಅಂದೆ. ನ್ಯಾಚುರಲ್ ಲೇಟೆಕ್ಸ್, 6 ಇಂಚು ಪೂರ್ತಿ, ಡೆನ್ಸಿಟಿ 80. ಮಾಲೀಕರು ಬರೆದುಕೊಟ್ಟರು. ಬರೆಯಲು ತಕರಾರು ಮಾಡಿದ್ದರೆ ಎದ್ದು ಬರುತ್ತಿದ್ದೆ.

ಗಟ್ಟಿಯದೋ ಮೆತ್ತನೆಯದೋ ಅನ್ನುವುದರಲ್ಲಿ ನಮ್ಮಿಬ್ಬರಿಗೆ ಜಗಳ ಆಯಿತು. ಗಂಡ 84 ಕಿಲೋ, ನಾನು 56. ಬೆನ್ನು ನೋವಿಗೆ ಹಲಗೆಯಂಥ ಹಾಸಿಗೆಯೇ ಮದ್ದು ಅಂತ ಅತ್ತೆ, ಮಾವ, ಓಣಿಯ ಎಲ್ಲರೂ ಹೇಳುತ್ತಾರೆ. ಆದರೆ 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಸ್ಪೇನಿನ ಅಧ್ಯಯನ ಒಂದಿದೆ. ಬಹುಕಾಲದಿಂದ ಸೊಂಟ ನೋವಿದ್ದ 313 ಜನರಲ್ಲಿ ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿಯದರಲ್ಲಿ ಮಲಗಿದವರ ನೋವು ಜಾಸ್ತಿ ಇಳಿದಿತ್ತು. ಗಂಡನಿಗೆ ಅದನ್ನು ಓದಿ ಹೇಳಿದೆ. ಅವರು ಸ್ಪೇನಿನವರಿಗಿಂತ ಅವರಮ್ಮನನ್ನೇ ನಂಬುವವರು. ಕೊನೆಗೆ ಇಬ್ಬರೂ ಚಪ್ಪಲಿ ಬಿಚ್ಚಿ, ಅಂಗಡಿಯಲ್ಲೇ ಕಾಲು ಗಂಟೆ ಮಗ್ಗುಲಾಗಿ ಮಲಗಿದೆವು. ಗಟ್ಟಿಯದರಲ್ಲಿ ನನ್ನ ಭುಜ ಜೋಮು ಹಿಡಿಯಿತು. ಮಧ್ಯಮದಲ್ಲಿ ಅವರಿಗೆ ನಿದ್ದೆಯೇ ಬಂತು. ಗೊರಕೆ ಕೇಳಿ ಹುಡುಗ ಚಹಾ ತರಿಸಿದ. ಅಲ್ಲಿಗೆ ಜಗಳ ಮುಗಿಯಿತು.

ಬೆಲೆ 46 ಸಾವಿರ. ನಮ್ಮ ಅಳತೆಗೆ ಮಾಡಿಸಿದ್ದರಿಂದ ವಾಪಸ್ ಕೊಡುವ ಮಾತಿಲ್ಲ. ಸಾಮಾನ್ಯ ಅಳತೆ 72, 75, 78 ಇಂಚು ಉದ್ದದವು, 75 ಅವರ ಬಳಿ ಸಿದ್ಧ ಇರಲಿಲ್ಲ. ಮಂಚ ಅಳೆಯುವಾಗ ಚೌಕಟ್ಟಿನ ಒಳಗಿನ ಅಳತೆ ತೆಗೆದುಕೊಳ್ಳಿ, ಹೊರಗಿನದಲ್ಲ. ಇದನ್ನು ನಾನು ಎರಡು ಸಲ ಅಳೆದು ಕಲಿತೆ.

ಮನೆಗೆ ಬರುವಾಗ ಬಸ್ಸಿನಲ್ಲಿ ಅಪ್ಪ ಮಾತಾಡಲಿಲ್ಲ. ಮೆಜೆಸ್ಟಿಕ್ ದಾಟಿದ ಮೇಲೆ ಲೆಕ್ಕ ಹೊರಗೆ ಬಂತು. ಆ ವಾರ ಡೀಲರ್ ಕೊಟ್ಟ ರೇಟು ಕಿಲೋಗೆ 185. 35 ಕಿಲೋ ರಬ್ಬರಿಗೆ ಆರೂವರೆ ಸಾವಿರ. "ನಮ್ಮಲ್ಲಿ ಒಂದು ಮರ ವರ್ಷಕ್ಕೆ ನಾಲ್ಕು ಕಿಲೋ ಕೊಟ್ಟರೆ ದೊಡ್ಡದು. ಒಂಬತ್ತು ಮರದ ಒಂದು ವರ್ಷದ ಹಾಲು ಅದು."

ನಾನು ವಾದ ಮಾಡಿದೆ. ಕಾರ್ಖಾನೆ, ಹಬೆ, ಹತ್ತಿಯ ಕವರು, ಸಾಗಾಟ, ಜಿಎಸ್‌ಟಿ, ಬೆಂಗಳೂರಿನ ಅಂಗಡಿ ಬಾಡಿಗೆ. "ಆಯ್ತು, ಆಯ್ತು" ಎಂದರು. 2011ರಲ್ಲಿ ರಬ್ಬರ್ ಕಿಲೋಗೆ 200ರ ಮೇಲಿದ್ದಾಗ ಅಪ್ಪ ಹೊಸ ರೋಲರ್ ಮಿಷಿನ್ ತಂದಿದ್ದರು. 2016ರಲ್ಲಿ ಅದು 100ರ ಕೆಳಗೂ ಇಳಿದಾಗ, ಟ್ಯಾಪಿಂಗ್ ಕೂಲಿಯೂ ಹುಟ್ಟದೆ ಒಂದು ವರ್ಷ ಮರಗಳಿಗೆ ಕತ್ತಿಯನ್ನೇ ತಾಗಿಸಿರಲಿಲ್ಲ. ಆ ವರ್ಷ ಹಾಸಿಗೆಯ ಬೆಲೆ ಇಳಿದಿತ್ತಾ ಅಂತ ಕೇಳಿದರು. ನಾನು ಕಿಟಕಿಯ ಕಡೆ ನೋಡಿದೆ.

ಹನ್ನೆರಡು ದಿನಕ್ಕೆ ಹಾಸಿಗೆ ಬಂತು. ಲಿಫ್ಟ್ ಇಲ್ಲದ ಮೂರನೆಯ ಮಹಡಿಗೆ ಇಬ್ಬರು ಹುಡುಗರು ಹೊತ್ತು ತಂದರು. ಹಿಡಿದರೆ ಕೈಗೆ ನಿಲ್ಲುವುದಿಲ್ಲ, ನಿದ್ದೆ ಬಂದ ಮಗುವಿನ ಹಾಗೆ ಎಲ್ಲೆಂದರಲ್ಲಿ ಜೋತು ಬೀಳುತ್ತದೆ. ವಾರವಿಡೀ ಕೋಣೆಯಲ್ಲಿ ಹೊಸ ಬಲೂನಿನ ವಾಸನೆ ಇತ್ತು, ಆಮೇಲೆ ಹೋಯಿತು. ಮಂಚದ ಪ್ಲೈವುಡ್ಡಿಗೆ ಗಾಳಿಯಾಡಲು ಬಡಗಿಯಿಂದ ತೂತು ಕೊರೆಸಿದೆ. ಮೇಲೆ ತೆಳು ಹತ್ತಿಯ ಕವರು ಹಾಕಿದ್ದೇನೆ, ಯಾಕೆಂದರೆ ಒಳಗೆ ನೀರು ಇಳಿದರೆ ಒಣಗಲು ದಿನಗಟ್ಟಲೆ ಬೇಕು. ಎರಡು ತಿಂಗಳಿಗೊಮ್ಮೆ ತಲೆ ಕಾಲು ತಿರುಗಿಸುತ್ತೇವೆ. ಸೊಂಟ? ಗೋಡೆ ಹಿಡಿಯುವುದು ನಿಂತಿದೆ. ಮಳೆಗಾಲದಲ್ಲಿ ಆಗೊಮ್ಮೆ ಈಗೊಮ್ಮೆ ನೆನಪು ಮಾಡಿಕೊಡುತ್ತದೆ.

ಜನವರಿಯಲ್ಲಿ ಅಮ್ಮನೂ ಬಂದಿದ್ದರು. ಬಂದ ಮರುದಿನವೇ "ಹಾಸಿಗೆಯನ್ನು ಟೆರೇಸಿಗೆ ಹಾಕುವಾ, ಒಳ್ಳೆ ಬಿಸಿಲುಂಟು" ಎಂದು ಸೆರಗು ಸಿಕ್ಕಿಸಿದರು. ಊರಲ್ಲಿ ಬೂರುಗದ ಹತ್ತಿಯ ಹಾಸಿಗೆಗಳನ್ನು ಬೇಸಿಗೆಯಲ್ಲಿ ಅಂಗಳಕ್ಕೆ ಹಾಕಿ, ಬೆತ್ತದಲ್ಲಿ ಬಡಿಯುವುದು ಅವರ ವಾರ್ಷಿಕ ಹಬ್ಬ. ನಾನು ಅಡ್ಡ ನಿಂತೆ. ರಬ್ಬರಿಗೆ ಬಿಸಿಲು ಆಗುವುದಿಲ್ಲ, ಹಳದಿಯಾಗಿ, ಗಡುಸಾಗಿ ಕೊನೆಗೆ ಹುಡಿಹುಡಿಯಾಗುತ್ತದೆ. ಅಮ್ಮನಿಗೂ ಅದು ಗೊತ್ತು, ಗೇಟಿನ ಹತ್ತಿರ ಬಿದ್ದ ಹಳೆಯ ಟ್ಯೂಬುಗಳನ್ನು ನೋಡಿದವರು. ಆದರೂ ಬಿಸಿಲು ಕಾಣದ ಹಾಸಿಗೆಯ ಮೇಲೆ ಮಲಗಲಾರೆ ಎಂದು ಹಾಲ್‌ನಲ್ಲಿ ಚಾಪೆ ಹಾಸಿಕೊಂಡರು. ಅಪ್ಪ ಮಾತ್ರ ಹಾಸಿಗೆಯಲ್ಲಿ ಮಲಗಿ, ಅಭ್ಯಾಸದಂತೆ ನಾಲ್ಕು ಗಂಟೆಗೆ ಎದ್ದು ಕೂತಿದ್ದರು.

ಆ ಸ್ಯಾಂಪಲ್ ತುಂಡನ್ನು ಅಪ್ಪ ಅಂಗಡಿಯವರಿಂದ ಕೇಳಿ ಪಡೆದಿದ್ದರು. ಈಗ ಅದು ಸುಳ್ಯದಲ್ಲಿ, ಜಗಲಿಯ ಮರದ ಕುರ್ಚಿಯ ಮೇಲಿದೆ. ಶೀಟು ಕೊಡಲು ಹೋದಾಗ ಒಮ್ಮೆ ಡೀಲರಿಗೂ ತೋರಿಸಿದರಂತೆ. ಅವರು ಮೂಸಿ, ಒತ್ತಿ ನೋಡಿ, ಮಾತಾಡದೆ ತಕ್ಕಡಿಯ ಮೇಲಿಟ್ಟರಂತೆ.