ಬೆಲ್ವೆಡೇರ್ ಅರಮನೆಯ ಭಾರ ಹೊತ್ತವರು

ವಿಯೆನ್ನಾದ ಮೇಲಿನ ಬೆಲ್ವೆಡೇರ್ ಅರಮನೆಯ ನೆಲ ಅಂತಸ್ತಿನಲ್ಲಿ ‘ಸಾಲಾ ತೆರೆನಾ’ ಎಂಬ ಬಿಳಿಯ ಹಜಾರವಿದೆ. ಆಕಾಶವನ್ನು ಹೊತ್ತ ಗ್ರೀಕ್ ಪುರಾಣದ ಅಟ್ಲಾಸನ ರೂಪದಲ್ಲಿ ಕಡೆದ ನಾಲ್ಕು ಮೂರ್ತಿಗಳು, ಅಂದರೆ ನಾಲ್ವರು ಅಟ್ಲಾಸರು, ಅಲ್ಲಿ ಕತ್ತು ಬಗ್ಗಿಸಿ, ಮೈಯ ಸ್ನಾಯುಗಳನ್ನೆಲ್ಲ ಬಿಗಿಹಿಡಿದು, ಕಮಾನು ಚಾವಣಿಯನ್ನು ಹೊತ್ತು ನಿಂತಿದ್ದಾರೆ. ಇಡೀ ಅರಮನೆಯಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಇವರ ಎದುರಿನಲ್ಲಿಯೇ.

ಅರಮನೆ ಕಟ್ಟಿ ಮುಗಿದಾಗ ಇವರು ಇಲ್ಲಿರಲಿಲ್ಲ. 1717ರಿಂದ 1723ರವರೆಗೆ ಕಟ್ಟಿದ ಈ ಕಟ್ಟಡದ ಹಜಾರವು ಹತ್ತು ವರ್ಷ ತುಂಬುವ ಹೊತ್ತಿಗೆ ಕುಸಿಯುವ ಸ್ಥಿತಿಗೆ ಬಂದಿತು. 1732–33ರ ಚಳಿಗಾಲದಲ್ಲಿ ವಾಸ್ತುಶಿಲ್ಪಿ ಯೋಹಾನ್ ಲುಕಾಸ್ ಫಾನ್ ಹಿಲ್ಡೆಬ್ರಾಂಟ್ ಹೊಸದಾಗಿ ಕಮಾನು ಚಾವಣಿ ಹಾಕಿಸಿ, ಅದಕ್ಕೆ ಆಧಾರವಾಗಿ ಈ ನಾಲ್ವರನ್ನು ನಿಲ್ಲಿಸಿದನು. ಬರಿಯ ಕಂಬಗಳನ್ನು ಕೊಟ್ಟಿದ್ದರೂ ಚಾವಣಿ ನಿಲ್ಲುತ್ತಿತ್ತು. ಆದರೆ ಭಾರವನ್ನು ಮರೆಮಾಚದೆ ಅದನ್ನೇ ನೋಡತಕ್ಕ ದೃಶ್ಯವನ್ನಾಗಿಸಿದ ಆ ತೀರ್ಮಾನದಲ್ಲಿ ಆ ಕಾಲದ ಯೂರೋಪಿನ ಆಡಂಬರದ ಕಲಾಶೈಲಿಯಾದ ಬರೋಕ್‌ನ ಜೀವಾಳವೇ ಇದೆ ಎಂದು ನನಗೆ ಅನಿಸುತ್ತದೆ.

ಈ ಅರಮನೆಯನ್ನು ಕಟ್ಟಿಸಿದವನು ಸವಾಯ್ ಮನೆತನದ ರಾಜಕುಮಾರ ಯೂಜೀನ್. 1663ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಅವನಿಗೆ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ತನ್ನ ಸೈನ್ಯದಲ್ಲಿ ಹುದ್ದೆ ಕೊಡಲಿಲ್ಲ. 1683ರಲ್ಲಿ ಅವನು ಆಸ್ಟ್ರಿಯಾವನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಚಕ್ರವರ್ತಿಯ ಸೇವೆಗೆ ಸೇರಿದನು. ತುರ್ಕರನ್ನು ಈಗಿನ ಸೆರ್ಬಿಯಾದ ಜೆಂಟಾದಲ್ಲಿ ಸೋಲಿಸಿದ 1697ರಲ್ಲಿಯೇ ವಿಯೆನ್ನಾದ ಕೋಟೆಗೋಡೆಯ ಹೊರಗೆ ಈ ಇಳಿಜಾರಿನ ಜಮೀನನ್ನು ಕೊಂಡನು. ತಗ್ಗಿನಲ್ಲಿರುವ ಕೆಳಗಿನ ಬೆಲ್ವೆಡೇರ್ 1716ರಲ್ಲಿ ಮುಗಿದು ಅವನ ಬೇಸಿಗೆಯ ಬಿಡಾರವಾಯಿತು. ದಿಬ್ಬದ ಮೇಲಿನದು ಅತಿಥಿಸತ್ಕಾರಕ್ಕೂ ವೈಭವಕ್ಕೂ ಮೀಸಲಾಗಿತ್ತು. ಅದರ ಹಸಿರು ತಾಮ್ರದ ಮಾಡುಗಳಲ್ಲಿ ತುರ್ಕರ ಡೇರೆಗಳ ಆಕಾರವನ್ನು ಕಾಣುವವರುಂಟು. ಎರಡು ಅರಮನೆಗಳ ನಡುವೆ ದೊಮಿನಿಕ್ ಜಿರಾರ್ ರೂಪಿಸಿದ ಉದ್ಯಾನವು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ.

ಯೂಜೀನ್ ಮದುವೆಯಾಗಿರಲಿಲ್ಲ, ಉಯಿಲನ್ನೂ ಬರೆದಿರಲಿಲ್ಲ. 1736ರಲ್ಲಿ ಅವನು ತೀರಿಕೊಂಡ ಮೇಲೆ ಆಸ್ತಿಯೆಲ್ಲ ಅಣ್ಣನ ಮಗಳು ವಿಕ್ಟೋರಿಯಾಳ ಪಾಲಾಗಿ, ಅವಳು ಒಂದೊಂದನ್ನೇ ಮಾರತೊಡಗಿದಳು. ಅವನು ಅಕ್ಕರೆಯಿಂದ ಕೂಡಿಸಿದ್ದ ಪುಸ್ತಕಗಳಾದರೂ ಚದುರಿಹೋಗದೆ ಚಕ್ರವರ್ತಿಯ ಗ್ರಂಥಾಲಯಕ್ಕೆ ಸೇರಿದ್ದು ದೊಡ್ಡ ಸಮಾಧಾನ. ಅರಮನೆಯನ್ನು 1752ರಲ್ಲಿ ಹ್ಯಾಬ್ಸ್‌ಬರ್ಗ್ ರಾಣಿ ಮರಿಯಾ ತೆರೇಸಾ ಕೊಂಡಳು.

ಮಹಾಸೋಪಾನವನ್ನು ಹತ್ತಿದರೆ ಕೆಂಗಂದು ಅಮೃತಶಿಲೆಯ, ಎರಡು ಅಂತಸ್ತಿನಷ್ಟು ಎತ್ತರದ ಸಭಾಂಗಣ ಎದುರಾಗುತ್ತದೆ. ಕಾರ್ಲೋ ಕಾರ್ಲೋನೆ ಬರೆದ ಚಾವಣಿಚಿತ್ರದ ಕೆಳಗೆ, 1955ರ ಮೇ 15ರಂದು, ಎರಡನೆಯ ಮಹಾಯುದ್ಧದ ನಂತರ ಗೆದ್ದ ರಾಷ್ಟ್ರಗಳ ಹಿಡಿತದಲ್ಲಿದ್ದ ಆಸ್ಟ್ರಿಯಾಕ್ಕೆ ಸ್ವಾತಂತ್ರ್ಯವನ್ನು ಮರಳಿಸಿದ ಒಪ್ಪಂದಕ್ಕೆ ಸಹಿ ಬಿದ್ದಿತು. ವಿದೇಶಾಂಗ ಸಚಿವ ಲಿಯೋಪೋಲ್ಡ್ ಫಿಗ್ಲ್ ಅದನ್ನು ಕೈಯಲ್ಲಿ ಹಿಡಿದು ಬಾಲ್ಕನಿಗೆ ಬಂದು, ಕೆಳಗೆ ಉದ್ಯಾನದಲ್ಲಿ ಕಿಕ್ಕಿರಿದಿದ್ದ ಜನರಿಗೆ ಎತ್ತಿ ತೋರಿಸಿದರು.