ಮಾಂಟ್ಗೊಮೆರಿಯಲ್ಲಿ ಜಡ್ಜ್ ಜಾನ್ಸನ್ ಕೂರುತ್ತಿದ್ದ ಕೋರ್ಟು

ಅಮೆರಿಕದ ಅಟ್ಲಾಂಟಾದಿಂದ ಅಲಬಾಮಾ ರಾಜ್ಯದ ಮಾಂಟ್ಗೊಮೆರಿಗೆ ಕಾರಿನಲ್ಲಿ ಎರಡೂವರೆ ಗಂಟೆ. ಅಲಬಾಮಾ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಜೊತೆಗೆ ಅಪ್ಪ ಇದ್ದರು. ತಿಪಟೂರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಯಾವ ಊರಿಗೆ ಹೋದರೂ ಅವರಿಗೆ ಕೋರ್ಟು ನೋಡಲೇಬೇಕು.

ಮೊದಲು ಹಳೇ ಗ್ರೇಹೌಂಡ್ ಬಸ್ ನಿಲ್ದಾಣಕ್ಕೆ ಹೋದೆವು. ಈಗ ಅದು ಮ್ಯೂಸಿಯಂ. ಬಸ್ಸುಗಳಲ್ಲಿ ಕಪ್ಪು ಜನ, ಬಿಳಿ ಜನ ಅಂತ ಬೇರೆ ಬೇರೆ ಕೂರಿಸೋದನ್ನು ವಿರೋಧಿಸಿ ಒಟ್ಟಿಗೇ ಪ್ರಯಾಣ ಮಾಡಿ ಬಂದ ಹುಡುಗ ಹುಡುಗಿಯರನ್ನು 1961ರ ಮೇ 20ರಂದು ಗುಂಪು ಮುತ್ತಿಕೊಂಡು ಹೊಡೆದದ್ದು ಇಲ್ಲೇ. ತಲೆ ಎತ್ತಿದರೆ ಪಕ್ಕದಲ್ಲೇ ಫೆಡರಲ್ ಕೋರ್ಟು, ಅಂದರೆ ಕೇಂದ್ರ ಸರ್ಕಾರದ ಕೋರ್ಟು. ಇಷ್ಟು ಹತ್ತಿರ ಇರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಆ ಹಲ್ಲೆಯ ನಂತರ ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಸಂಘಟನೆ ಕೂ ಕ್ಲಕ್ಸ್ ಕ್ಲಾನ್ ಮೇಲೆ ತಡೆಯಾಜ್ಞೆ ಕೊಟ್ಟ ಜಡ್ಜ್ ಫ್ರಾಂಕ್ ಜಾನ್ಸನ್ ಕೂರುತ್ತಿದ್ದದ್ದು ಅಲ್ಲೇ. ಈಗ ಆ ಕಟ್ಟಡಕ್ಕೆ ಅವರದೇ ಹೆಸರು.

ಜಾನ್ಸನ್ ಅಲಬಾಮಾದವರೇ. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ನೇಮಿಸಿದಾಗ ಇನ್ನೂ ನಲವತ್ತೂ ಆಗಿರಲಿಲ್ಲ. ಮರುವರ್ಷವೇ ಮಾಂಟ್ಗೊಮೆರಿಯ ಸಿಟಿ ಬಸ್ಸುಗಳಲ್ಲಿ ಕಪ್ಪು ಜನರನ್ನು ಬೇರೆ ಕೂರಿಸೋದರ ವಿರುದ್ಧದ ಕೇಸು ಬಂತು. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದೆ ಅರೆಸ್ಟ್ ಆದ ರೋಸಾ ಪಾರ್ಕ್ಸ್ ಹೆಸರು ಎಲ್ಲರಿಗೂ ಗೊತ್ತು, ಆದರೆ ಈ ಕೇಸು ಹಾಕಿದ್ದು ಬೇರೆ ಹೆಂಗಸರು. ಅವರಲ್ಲಿ ಕ್ಲಾಡೆಟ್ ಕಾಲ್ವಿನ್ ಹಾಗೇ ಸೀಟು ಬಿಡದೆ ಅರೆಸ್ಟ್ ಆದಾಗ 15 ವರ್ಷದ ಹುಡುಗಿ! ಮೂವರು ಜಡ್ಜ್‌ಗಳಲ್ಲಿ ಇಬ್ಬರು ಅವರ ಪರ ತೀರ್ಪು ಕೊಟ್ಟರು, ಒಬ್ಬರು ಜಾನ್ಸನ್. 1965ರಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ಸೆಲ್ಮಾ ಊರಿನಿಂದ ಇಲ್ಲಿಯವರೆಗೆ ನಡೆದ ಮೆರವಣಿಗೆಗೆ ಅನುಮತಿ ಕೊಟ್ಟಿದ್ದೂ ಅವರೇ. ಅನ್ಯಾಯ ಎಷ್ಟು ದೊಡ್ಡದೋ ಪ್ರತಿಭಟಿಸುವ ಹಕ್ಕೂ ಅಷ್ಟೇ ದೊಡ್ಡದಿರಬೇಕು ಅನ್ನೋದು ಅವರ ವಾದ. ನನಗೆ ತುಂಬಾ ಇಷ್ಟವಾದ ಮಾತು ಅದು. ಅವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ ಅಲಬಾಮಾದ ಗವರ್ನರ್ ಜಾರ್ಜ್ ವಾಲೇಸ್ ಲಾ ಕಾಲೇಜಿನಲ್ಲಿ ಅವರ ಜೊತೆಗೇ ಓದಿದವನು.

1967ರಲ್ಲಿ ಜಾನ್ಸನ್ ಅವರ ತಾಯಿಯ ಮನೆಗೆ ಬಾಂಬ್ ಇಟ್ಟರು. ತಾಯಿಗೆ ಏನೂ ಆಗಲಿಲ್ಲ.

"ಇಷ್ಟೆಲ್ಲ ಆದಮೇಲೆ ಬೇರೆ ಊರಿಗೆ ವರ್ಗ ತಗೋಬಹುದಿತ್ತಲ್ಲಪ್ಪ?" ಅಂದರು ಅಪ್ಪ. ಮೂರು ವರ್ಷಕ್ಕೊಮ್ಮೆ ಜಡ್ಜ್ ಬದಲಾಗೋದನ್ನು ನೋಡಿದವರು. ಇಲ್ಲಿ ಫೆಡರಲ್ ಜಡ್ಜ್ ಅಂದರೆ ಜೀವನಪೂರ್ತಿ ಹುದ್ದೆ, ಸಂಬಳ ಕಡಿಮೆ ಮಾಡೋ ಹಾಗಿಲ್ಲ, ವರ್ಗಾವಣೆ ಅನ್ನೋದೂ ಇಲ್ಲ ಅಂತ ಹೇಳಿದೆ. ಹುದ್ದೆಗೆ ರಕ್ಷಣೆ ಇತ್ತು, ಮನೆಗೆ ಎಲ್ಲಿತ್ತು? ಆದರೂ 1999ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಊರು ಬಿಡಲಿಲ್ಲ.

ಅಪ್ಪ ಮಾತಾಡಲಿಲ್ಲ. ರಸ್ತೆ ದಾಟಿ ಆ ಕಡೆ ನಿಂತರು. ಬಸ್ ನಿಲ್ದಾಣ, ಕೋರ್ಟು ಎರಡೂ ಒಂದೇ ಫೋಟೋದಲ್ಲಿ ಬರೋ ತನಕ ಹಿಂದೆ ಹಿಂದೆ ಸರೀತಾ ಇದ್ದರು.